ತೊಳೆಯೋದು ಯಾರು?

ದೋಸೆ ಪ್ರಿಂಟರ್ ನೆನಪಿದೆಯಾ? 2022ರಲ್ಲಿ ಅದರ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಇವೊಶೆಫ್ ಅನ್ನುವ ಕಂಪನಿಯದು. ಕಂಪನಿ ಇಟ್ಟ ಹೆಸರು ಬೇರೆ, ಜನ ಕರೆದದ್ದು ಪ್ರಿಂಟರ್ ಅಂತಲೇ. ಡಬ್ಬಿಗೆ ಹಿಟ್ಟು ಹಾಕಬೇಕು. ಎಷ್ಟು ದಪ್ಪ, ಎಷ್ಟು ಗರಿಗರಿ, ಎಷ್ಟು ದೋಸೆ ಅಂತ ಆರಿಸಬೇಕು. ಒಳಗೆ ಬಿಸಿ ಉರುಳೆ ತಿರುಗುತ್ತದೆ, ದೋಸೆ ಬೆಂದು ಸುರುಳಿ ಸುತ್ತಿಕೊಂಡು ಹೊರಗೆ ಜಾರುತ್ತದೆ. ನೋಡೋಕೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯವರ ಗ್ರೂಪಿನಲ್ಲಿ ಒಬ್ಬರು ರೇಟು ಕೇಳಿದರು, ಇನ್ನೊಬ್ಬರು ನೀರುದೋಸೆ ಬರುತ್ತಾ ಅಂದರು. ಕೊನೆಗೆ ಚಿಕ್ಕಮ್ಮನ ವಾಯ್ಸ್ ಮೆಸೇಜ್ ಬಂತು: "ಎಲ್ಲಾ ಸರಿ ಕಣೋ, ಅದನ್ನ ತೊಳೆಯೋದು ಯಾರು?"

ಅಲ್ಲಿಗೆ ರೇಟು ಕೇಳಿದವರೂ ಸುಮ್ಮನಾದರು.

ದೋಸೆಯ ಕೆಲಸ ಎಲ್ಲಿಂದ ಶುರುವಾಗುತ್ತೆ ಹೇಳಿ. ಹಿಂದಿನ ದಿನವೇ ಅಕ್ಕಿ, ಉದ್ದಿನಬೇಳೆ, ಚೂರು ಮೆಂತ್ಯ ನೆನೆಹಾಕಬೇಕು. ಸಂಜೆ ರುಬ್ಬಬೇಕು. ಗ್ರೈಂಡರಿನ ಕಲ್ಲಿಗೆ ಮೆತ್ತಿದ ಹಿಟ್ಟನ್ನು ಬೆರಳಲ್ಲಿ ಬಳಿದು, ಆ ಭಾರದ ಕಲ್ಲನ್ನು ಎತ್ತಿ ತೊಳೆಯಬೇಕು. ಚಳಿಗಾಲವಾದರೆ ಹಿಟ್ಟು ಹುಳಿ ಬರುತ್ತೋ ಇಲ್ಲವೋ ಅನ್ನೋ ಚಿಂತೆ. ಬೇಸಿಗೆಯಾದರೆ ರಾತ್ರೋರಾತ್ರಿ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದೀತು ಅನ್ನೋ ಚಿಂತೆ, ಅದಕ್ಕೆ ಪಾತ್ರೆಯ ಅಡಿಗೊಂದು ತಟ್ಟೆ. ಬೆಳಗ್ಗೆ ಎದ್ದರೆ ಚಟ್ನಿ ಬೇರೆ. ಇಷ್ಟೆಲ್ಲ ಆದಮೇಲೆ ಬರುತ್ತದೆ ನೋಡಿ ಆ ಗಳಿಗೆ. ಅರ್ಧ ಈರುಳ್ಳಿಯಿಂದ ಕಾವಲಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಒಂದು ಸೌಟು ಹಿಟ್ಟು ನಡುವೆ ಬಿಟ್ಟು ತಿರುಗಿಸಿದರೆ ಚುಂಯ್ ಅನ್ನುತ್ತದೆ. ತೂತುಗಳು ಒಂದೊಂದಾಗಿ ಬಿಡುತ್ತವೆ. ಅಂಚು ಕೆಂಪಾಗಿ ತಾನೇ ಮೇಲೇಳುತ್ತದೆ. ಮನೆಯ ಮಕ್ಕಳು "ನಾನು ಹುಯ್ತೀನಿ, ನಾನು ಹುಯ್ತೀನಿ" ಅಂತ ಜಗಳಕ್ಕೆ ಬೀಳುವುದು ಇದಕ್ಕೆ. ಕಲ್ಲು ತೊಳೆಯುವುದಕ್ಕೆ ಯಾವ ಮಗುವೂ ಜಗಳ ಆಡಿದ್ದನ್ನು ನಾನು ಕಂಡಿಲ್ಲ.

ಮೆಷಿನ್ ಕಿತ್ತುಕೊಂಡದ್ದು ಆ ಒಂದು ಗಳಿಗೆಯನ್ನೇ. ನೆನೆಹಾಕುವುದು, ರುಬ್ಬುವುದು ನಮಗೇ ಉಳಿಯಿತು. ತೊಳೆಯುವುದೂ ನಮಗೇ, ಅದರಲ್ಲಿ ಒಂದು ಸಾಮಾನು ಜಾಸ್ತಿಯಾಯಿತು.

ಹೊಸ ಗ್ಯಾಜೆಟ್ ನೋಡುವ ಚಟ ನನಗಿದೆ. ನೋಡುವುದಷ್ಟೇ, ಕೊಳ್ಳುವುದು ಕಡಿಮೆ. ಪ್ರತಿ ಜನವರಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಸಿಇಎಸ್ ಅಂತ ದೊಡ್ಡ ಜಾತ್ರೆ ನಡೆಯುತ್ತದೆ. ಅಲ್ಲಿ ಏನೇನು ಬಂತು ಅಂತ ರಾತ್ರಿ ಕೂತು ನೋಡುತ್ತೇನೆ. 2013ರಲ್ಲಿ ಅಲ್ಲಿಗೆ ಒಂದು ಫೋರ್ಕ್ ಬಂದಿತ್ತು, ಹ್ಯಾಪಿಫೋರ್ಕ್ ಅಂತ. ಗಬಗಬ ತಿಂದರೆ ಕೈಯಲ್ಲೇ ನಡುಗಿ ಎಚ್ಚರಿಸುತ್ತದೆ. ಮುದ್ದೆ ನುಂಗುವವರು ಹೆದರಬೇಕಾಗಿಲ್ಲ. ಹೀಗೆ ನೋಡುತ್ತಾ ನೋಡುತ್ತಾ ನನಗೆ ಅನ್ನಿಸಿದ್ದು, ಈ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಕೆಲಸದ ನಡುವಿನ ಮಜಾ ಭಾಗವನ್ನೇ ಹುಡುಕಿ ಹಿಡಿಯುತ್ತವೆ. ಬೇಜಾರಿನ ಎರಡು ತುದಿ ಮಾತ್ರ ನಮ್ಮ ಪಾಲಿಗೆ.

ಜ್ಯೂಸಿರೊ ಕತೆ ಕೇಳಿ. 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟ ಹಣ್ಣಿನ ರಸದ ಮೆಷಿನ್. ಬೆಲೆ 699 ಡಾಲರ್. ಹಣ್ಣು ತರಕಾರಿ ಹೆಚ್ಚಿ ತುಂಬಿದ ಚೀಲಗಳನ್ನು ಕಂಪನಿಯೇ ಕಳಿಸುತ್ತಿತ್ತು. ಚೀಲವನ್ನು ಒಳಗಿಟ್ಟರೆ ಮೆಷಿನ್ ಹಿಂಡಿ ಲೋಟಕ್ಕೆ ರಸ ಬಿಡುತ್ತಿತ್ತು. ಅದಕ್ಕೆ ವೈಫೈ ಬೇರೆ ಬೇಕು. ಚೀಲದ ಮೇಲಿನ ಕೋಡ್ ಓದಿ, ತಾರೀಖು ಮುಗಿದಿದ್ದರೆ ಹಿಂಡುವುದೇ ಇಲ್ಲ ಅಂತ ಕೂತುಬಿಡುತ್ತಿತ್ತು. ಹೂಡಿಕೆದಾರರು ಸುಮಾರು 12 ಕೋಟಿ ಡಾಲರ್ ಸುರಿದಿದ್ದರು. 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪತ್ರಕರ್ತರು ಒಂದು ಚೀಲವನ್ನು ಸುಮ್ನೆ ಕೈಯಲ್ಲಿ ಹಿಂಡಿ ನೋಡಿದರು. ರಸ ಬಂತು. ಹೆಚ್ಚುಕಡಿಮೆ ಅಷ್ಟೇ ರಸ, ಅಷ್ಟೇ ಹೊತ್ತಿನಲ್ಲಿ. ಅದೇ ಸೆಪ್ಟೆಂಬರ್‌ಗೆ ಕಂಪನಿ ಬಾಗಿಲು ಹಾಕಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಂದು ಮಾತು ಅದರ ಪರವಾಗಿ ಹೇಳಬೇಕು. ಅದರಲ್ಲಿ ತೊಳೆಯುವ ಕೆಲಸ ಇರಲಿಲ್ಲ, ರಸ ಮೆಷಿನ್ನಿಗೆ ತಾಗುತ್ತಲೇ ಇರಲಿಲ್ಲ. ಚಿಕ್ಕಮ್ಮನ ಪರೀಕ್ಷೆಯಲ್ಲಿ ಪಾಸಾಗಿ ಬೇರೆ ಎಲ್ಲ ಪರೀಕ್ಷೆಯಲ್ಲೂ ಫೇಲಾದ ಮೆಷಿನ್ ಅದೊಂದೇ ಇರಬೇಕು.

ಕಸ ಗುಡಿಸುವ ರೋಬೋ ಬಗ್ಗೆ ಜಾಸ್ತಿ ಹೇಳಲ್ಲ, ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಾಮೂಲಿ. ಗೆಳೆಯನ ಮನೆಯಲ್ಲಿ ಒಂದಿದೆ. ಅದು ಬರುವ ಮುಂಚೆ ಇವರು ಚಪ್ಪಲಿ ಎತ್ತಿಡಬೇಕು, ಚಾರ್ಜರ್ ವೈರು ಸುತ್ತಿಡಬೇಕು, ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಬೇಕು. ಅಷ್ಟು ಮಾಡಿದ ಮೇಲೆ ಗುಡಿಸುವುದು ಎರಡು ನಿಮಿಷದ ಮಾತು, ಅದನ್ನು ಅದು ಮುಕ್ಕಾಲು ಗಂಟೆ ಮಾಡುತ್ತದೆ. ಶುಕ್ರವಾರ ದೇವರ ಮನೆ ಹೊಸಿಲ ಮುಂದೆ ಅವರಮ್ಮ ಹಾಕಿದ್ದ ರಂಗೋಲಿಯನ್ನು ಪೂರ್ತಿ ನುಂಗಿ, ಬಾಲದಷ್ಟು ಎಳೆ ಬಿಟ್ಟು ಹೋಗಿತ್ತು. ಅವತ್ತಿನಿಂದ ಅವರಮ್ಮ ಅದನ್ನು "ಆ ಅನಿಷ್ಟ" ಅಂತಲೇ ಕರೆಯುತ್ತಾರೆ. ಅದು ಮಾತ್ರ ಬೇಜಾರಿಲ್ಲದೆ ತಿರುಗುತ್ತದೆ.

ಎಲ್ಲವೂ ಹೀಗೇ ಅಂತಲ್ಲ. ಜಪಾನಿನ ಕಿರಿನ್ ಕಂಪನಿ 2024ರಲ್ಲಿ ಕರೆಂಟಿನ ಚಮಚ ಮಾರಾಟಕ್ಕೆ ಬಿಟ್ಟಿತು. ಬಾಯಿಗಿಟ್ಟಾಗ ಸಣ್ಣಗೆ ವಿದ್ಯುತ್ ಹರಿಸಿ, ಊಟದಲ್ಲಿರುವ ಉಪ್ಪಿನ ಸೋಡಿಯಂ ಅಯಾನುಗಳನ್ನು ನಾಲಿಗೆಯ ಹತ್ತಿರ ಸೇರಿಸುತ್ತದೆಯಂತೆ. ಕಡಿಮೆ ಉಪ್ಪು ಹಾಕಿದ್ದೂ ಸರಿಯಾಗಿ ಉಪ್ಪುಪ್ಪಾಗಿ ಇರುತ್ತದೆ. ಬಿಟ್ಟಾಗಿನ ಬೆಲೆ 19,800 ಯೆನ್. ಜತೆಗೂಡಿ ಇದನ್ನು ರೂಪಿಸಿದ ಮೇಜಿ ವಿಶ್ವವಿದ್ಯಾಲಯದ ಹೋಮೆಯ್ ಮಿಯಾಶಿತಾ ಅವರಿಗೆ ಕರೆಂಟಿನ ಚಾಪ್‌ಸ್ಟಿಕ್, ಸ್ಟ್ರಾ ಪ್ರಯೋಗಕ್ಕಾಗಿ 2023ರಲ್ಲಿ ಇಗ್ನೊಬೆಲ್ ಸಿಕ್ಕಿತ್ತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಕಟ್ಟಿದವರಿಗೆ ಬಿ.ಪಿ. ಇರಲಿಲ್ಲ ಅಂತ ಕಾಣುತ್ತೆ. ಬಿ.ಪಿ. ಇರುವವರ ಸಪ್ಪೆ ಸಾರು ಒಂದು ದಿನ ಉಂಡು ನೋಡಿ, ಆಮೇಲೆ ಈ ಚಮಚವನ್ನು ನೋಡಿ ನಗಬಹುದು.

ವಿಚಿತ್ರ ಸಾಮಾನುಗಳ ಮಾತು ಬಂದರೆ ಜಪಾನ್ ಬಿಟ್ಟು ಹೋಗೋಕೆ ಆಗಲ್ಲ. 1980ರ ದಶಕದಲ್ಲಿ ಕೆಂಜಿ ಕವಾಕಾಮಿ ಅಂತ ಒಬ್ಬರು ಅಂಚೆಯಲ್ಲಿ ಸಾಮಾನು ತರಿಸುವವರಿಗಾಗಿ ಒಂದು ಪತ್ರಿಕೆ ನಡೆಸುತ್ತಿದ್ದರು. ಪುಟ ಉಳಿದಾಗ ತಮ್ಮದೇ ತಲೆಹರಟೆ ಉಪಕರಣಗಳ ಚಿತ್ರ ಹಾಕತೊಡಗಿದರು. ಅಂಟು ಹಚ್ಚುವ ಕಡ್ಡಿಯ ಥರ ತಿರುಗಿಸಿ ಬ್ರೆಡ್ಡಿಗೆ ಸವರುವ ಬೆಣ್ಣೆ. ನೂಡಲ್ಸ್ ಆರಿಸಲು ಚಾಪ್‌ಸ್ಟಿಕ್‌ಗೆ ಸಿಕ್ಕಿಸಿದ ಪುಟಾಣಿ ಫ್ಯಾನು. ನೆಗಡಿಯಾದವರಿಗೆ ತಲೆಯ ಮೇಲೆ ಟಿಶ್ಯೂ ಸುರುಳಿಯ ಟೋಪಿ, ಎಳೆದು ಮೂಗು ಒರೆಸಿಕೊಳ್ಳುವುದೇ. ಅಂಬೆಗಾಲಿಡುವ ಮಗುವಿನ ಅಂಗಿಗೆ ನೆಲ ಒರೆಸುವ ಜೂಲು. ಇವಕ್ಕೆ ಚಿಂದೋಗು ಅಂತ ಹೆಸರಿಟ್ಟು ನಿಯಮಗಳನ್ನೂ ಮಾಡಿದರು. ಸಾಮಾನು ನಿಜವಾಗಿ ಇರಬೇಕು, ಬರೀ ಚಿತ್ರ ಸಾಲದು. ನಿಜವಾಗಿ ಉಪಯೋಗಕ್ಕೆ ಬರುವಂತಿದ್ದರೆ ಅದು ಚಿಂದೋಗು ಅಲ್ಲ. ಮಾರಬಾರದು, ಪೇಟೆಂಟ್ ತೆಗೆದುಕೊಳ್ಳಬಾರದು.

ಮಾರಬಾರದು ಅನ್ನೋ ನಿಯಮ ನನಗೆ ತುಂಬಾ ಇಷ್ಟ. ಯಾಮಾರಿಸುವ ಉದ್ದೇಶವೇ ಇಲ್ಲದ ಗ್ಯಾಜೆಟ್ ಎಷ್ಟು ಹಗುರ! ಕಂತು ಇಲ್ಲ, ವಾರಂಟಿ ಇಲ್ಲ, ಕಸ್ಟಮರ್ ಕೇರ್‌ನ ಸಂಗೀತ ಕೇಳುತ್ತಾ ಕಾಯುವುದಿಲ್ಲ. ಆದರೆ ಲೋಕ ಬಿಡಬೇಕಲ್ಲ. ಮಗುವಿನ ಜೂಲಂಗಿಯನ್ನು ಆಮೇಲೆ ಯಾರೋ ಮಾರಿಯೇಬಿಟ್ಟರು. ಅದಕ್ಕಿಂತ ದೊಡ್ಡ ಆಟ ನಡೆದದ್ದು ಒಂದು ಕೋಲಿನ ವಿಷಯದಲ್ಲಿ.

ಮಿನೋಲ್ಟಾ ಕ್ಯಾಮೆರಾ ಕಂಪನಿಯಲ್ಲಿ ಹಿರೋಶಿ ಉಯೆಡಾ ಅನ್ನುವ ಇಂಜಿನಿಯರ್ ಇದ್ದರು. ಹೆಂಡತಿಯ ಜೊತೆ ಯುರೋಪಿಗೆ ಹೋದರೆ ಇಬ್ಬರೂ ಇರುವ ಫೋಟೊ ತೆಗೆಯುವವರಿಲ್ಲ. ಪ್ಯಾರಿಸಿನ ಲೂವ್ರ್ ಮ್ಯೂಸಿಯಂನಲ್ಲಿ ಒಬ್ಬ ಹುಡುಗನ ಕೈಗೆ ಕ್ಯಾಮೆರಾ ಕೊಟ್ಟು ಇವರು ಹಿಂದೆ ಸರಿದರೆ, ಅವನು ಕ್ಯಾಮೆರಾ ಸಮೇತ ಓಟ ಕಿತ್ತ! ಉಯೆಡಾ ಊರಿಗೆ ಬಂದು ಉದ್ದ ಮಾಡಬಹುದಾದ ಕೋಲಿಗೆ ಪುಟ್ಟ ಕ್ಯಾಮೆರಾ ಸಿಕ್ಕಿಸುವಂತೆ ಮಾಡಿದರು, ಮುಖ ಕಾಣಲೆಂದು ಕ್ಯಾಮೆರಾದ ಮುಂದೆ ಕನ್ನಡಿ ಇಟ್ಟರು. 1983ರಲ್ಲಿ ಪೇಟೆಂಟಿಗೂ ಹಾಕಿದರು. ಅದು ಓಡಲಿಲ್ಲ. 1995ರಲ್ಲಿ ಜಪಾನಿನ ಕೆಲಸಕ್ಕೆ ಬಾರದ ಸಾಮಾನುಗಳ ಒಂದು ಪುಸ್ತಕದಲ್ಲಿ ಇಂಥದ್ದೇ ಕೋಲು ನಗೆಪಾಟಲಾಗಿ ಅಚ್ಚಾಯಿತು. ಪೇಟೆಂಟ್ 2003ರಲ್ಲಿ ಮುಗಿದೇ ಹೋಯಿತು. 2014ರಲ್ಲಿ ಟೈಮ್ ಪತ್ರಿಕೆ ಆ ವರ್ಷದ ಅತ್ಯುತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಸೆಲ್ಫಿ ಸ್ಟಿಕ್ ಸೇರಿಸಿತು. ಉಯೆಡಾಗೆ ಅದರಿಂದ ಒಂದು ಬಿಡಿಗಾಸೂ ಬರಲಿಲ್ಲ.

ನನ್ನ ಲೆಕ್ಕಕ್ಕೆ ಈ ಕೋಲು ಸರಿಯಾಗಿ ಕೂರುವುದಿಲ್ಲ. ಹಂಪಿಯ ಕಲ್ಲಿನ ರಥದ ಮುಂದೆ ಯಾರನ್ನೋ ನಿಲ್ಲಿಸಿ "ಸರ್, ಒಂದು ಫೋಟೊ" ಅಂತ ಕೇಳುವುದು ಮಜಾ ಭಾಗವೋ ಬೇಜಾರಿನ ಭಾಗವೋ? ಆ ಪುಣ್ಯಾತ್ಮರು ರಥ ಪೂರ್ತಿ ಬರುವಂತೆ ತೆಗೆದು ನಮ್ಮ ತಲೆ ಅರ್ಧಕ್ಕೆ ಕತ್ತರಿಸಿರುತ್ತಿದ್ದರು. ಆದರೂ ಅವರು ಯಾವೂರು, ನಾವು ಯಾವೂರು ಅಂತ ನಾಲ್ಕು ಮಾತಾಗುತ್ತಿತ್ತು. ತಲೆ ಪೂರ್ತಿ ಬಂದ ಫೋಟೊಗಳು ಈಗ ಫೋನಿನಲ್ಲಿ ಸಾವಿರ ಇವೆ, ನೋಡುವವರಿಲ್ಲ.

ನಮ್ಮ ಕಡೆ ನಿಜವಾಗಿ ಗೆದ್ದ ವಿಚಿತ್ರ ಗ್ಯಾಜೆಟ್ ಅಂದರೆ ಸೊಳ್ಳೆ ಬ್ಯಾಟು. ಮೊದಲ ಸಲ ನೋಡಿದವರಿಗೆ ಅದು ಶುದ್ಧ ಹುಚ್ಚು ಅನ್ನಿಸಿರಬೇಕು. ಗುಂಗುರು ಸೊಳ್ಳೆಯ ಜೊತೆ ಬ್ಯಾಡ್ಮಿಂಟನ್ ಆಡುವುದಾ? ಒಳಗಿನ ಪುಟ್ಟ ಬ್ಯಾಟರಿಯ ಕೆಲವೇ ವೋಲ್ಟ್‌ಗಳನ್ನು ಸಾವಿರಕ್ಕೂ ಮೇಲೇರಿಸಿ ಜಾಲರಿಗೆ ಕೊಡುತ್ತದೆ. ಸೊಳ್ಳೆ ತಂತಿಗಳ ನಡುವೆ ಬಂದರೆ ಪಟ್! ನೀಲಿ ಕಿಡಿ, ಸುಟ್ಟ ಕಮಟು ವಾಸನೆ. ಸೊಳ್ಳೆಬತ್ತಿ, ಲಿಕ್ವಿಡ್ ಮೆಷಿನ್ ಎಲ್ಲ ಕೂತಲ್ಲೇ ಕೆಲಸ ಮಾಡುತ್ತವೆ, ಅವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಬ್ಯಾಟು ಹಿಡಿದವರನ್ನು ನೋಡಿ. ಇಡೀ ದಿನ ಸೋಫಾ ಬಿಟ್ಟು ಏಳದ ಯಜಮಾನರು ಸಂಜೆ ಆರೂವರೆಗೆ ಬಾಗಿಲು ಹಾಕಿಸಿ, ಬನಿಯನ್ನಿನಲ್ಲಿ ಮಂಚದ ಕೆಳಗೆ ತೂರಿ, ಪರದೆ ಹಿಂದೆ ಇಣುಕಿ ಬೇಟೆ ಆಡುತ್ತಾರೆ. ಒಂದು ಪಟ್ ಅಂದರೆ "ಸಿಕ್ತು!" ಅಂತ ಅಡುಗೆಮನೆಗೆ ಕೇಳುವ ಹಾಗೆ ಕೂಗುತ್ತಾರೆ. ಇದನ್ನು ರೂಪಿಸಿದವರು ಬೇಟೆಯನ್ನು ಮೆಷಿನ್ನಿಗೆ ಕೊಡದೆ ನಮ್ಮ ಕೈಗೇ ಬಿಟ್ಟರು. ಎಂಥ ಬುದ್ಧಿವಂತಿಕೆ!

ಹಾಗಾದರೆ ಬೇಜಾರಿನ ತುದಿಗೆ ಯಾರೂ ಕೈ ಹಾಕಲೇ ಇಲ್ವಾ? ಹಾಕಿದರು, ಪಾಪ. ಒಗೆಯಲು ಮೆಷಿನ್ ಬಂದು ಎಷ್ಟೋ ವರ್ಷ ಆಯಿತು, ಮಡಚುವುದು ಇನ್ನೂ ಕೈಕೆಲಸ. ಜಪಾನಿನ ಸೆವೆನ್ ಡ್ರೀಮರ್ಸ್ ಅನ್ನುವ ಕಂಪನಿ ಲಾಂಡ್ರಾಯ್ಡ್ ಅಂತ ಬಟ್ಟೆ ಮಡಚುವ ಮೆಷಿನ್ ತೋರಿಸಿತು. ಅಲ್ಮೆರಾ ಗಾತ್ರ. ಕೆಳಗಿನ ಡ್ರಾಯರಿಗೆ ಬಟ್ಟೆ ಸುರಿದರೆ ರೋಬೋ ಕೈಗಳು ಒಂದೊಂದಾಗಿ ಎತ್ತಿ, ಕ್ಯಾಮೆರಾದಲ್ಲಿ ನೋಡಿ, ಇದು ಅಂಗಿ ಇದು ಪ್ಯಾಂಟು ಅಂತ ಗುರುತಿಸಿ ಮಡಚಬೇಕು. ಹೇಳಿದ ಬೆಲೆ ಸುಮಾರು 16,000 ಡಾಲರ್. ಒಂದು ಟೀ ಶರ್ಟಿಗೆ ಐದರಿಂದ ಹತ್ತು ನಿಮಿಷ. 2018ರ ಸಿಇಎಸ್‌ನಲ್ಲಿ ಪತ್ರಕರ್ತರೊಬ್ಬರ ಟೀ ಶರ್ಟು ಏನೆಂದು ಗೊತ್ತಾಗದೆ ಮೆಷಿನ್ ನಿಂತೇ ಹೋಯಿತು. ನಮ್ಮ ಆರು ಗಜದ ಸೀರೆ ಕೊಟ್ಟಿದ್ದರೆ ಏನಾಗುತ್ತಿತ್ತೋ. ಅದನ್ನು ಮಡಚೋಕೆ ಮನುಷ್ಯರೇ ಇಬ್ಬರು ಬೇಕು, ಒಬ್ಬರು ಹಾಲಿನ ಆ ಕಡೆ, ಒಬ್ಬರು ಈ ಕಡೆ. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿಯಾಯಿತು.

ಆ ಸುದ್ದಿ ಓದಿದಾಗ ನಗು ಬರಲಿಲ್ಲ, ನಿಜವಾಗಿ ಬೇಜಾರಾಯಿತು. ನಾನು ಇಲ್ಲಿ ಹೇಳಿದ ಅಷ್ಟೆಲ್ಲ ಕಂಪನಿಗಳಲ್ಲಿ ಸರಿಯಾದ ಕೆಲಸಕ್ಕೆ ಕೈ ಹಾಕಿದ್ದು ಇವರೊಬ್ಬರೇ. ನಮ್ಮ ಮನೆಯಲ್ಲಿ ಸದ್ಯಕ್ಕೆ ಈ ಜವಾಬ್ದಾರಿ ರೂಮಿನ ಮೂಲೆಯ ಪ್ಲಾಸ್ಟಿಕ್ ಕುರ್ಚಿಯದು. ಮಡಚುವುದಕ್ಕೆ ಬರಲ್ಲ ಅದಕ್ಕೆ. ಆದರೆ ಭಾನುವಾರದ ಬಟ್ಟೆಯನ್ನು ಮುಂದಿನ ಭಾನುವಾರದವರೆಗೆ ತಕರಾರಿಲ್ಲದೆ ಹೊತ್ತು ನಿಲ್ಲುತ್ತದೆ, ವೈಫೈ ಕೇಳುವುದಿಲ್ಲ, ಯಾರ ಟೀ ಶರ್ಟು ಯಾವುದು ಅಂತ ಗೊಂದಲವೂ ಇಲ್ಲ. ಎಲ್ಲರದೂ ಅಲ್ಲೇ ಇದೆ, ಹುಡುಕಿಕೊಳ್ಳಿ.