ಆ ಹೆಸರಿಗೆ ಯಾರು ತಾನೇ ಬೇಡ ಅಂತಾರೆ?

ಅಮೆರಿಕದ ಎರಡೂ ಪಕ್ಷಗಳಿಗೆ 1965ರ ಮತದಾನ ಹಕ್ಕು ಕಾಯ್ದೆ ಅಂದರೆ ಬಲು ಪ್ರೀತಿ. ಮುಖ್ಯವಾಗಿ, ಅದನ್ನು ತಂದವರು ನಾವೇ ಅಂತ ಹೇಳಿಕೊಳ್ಳುವುದರ ಮೇಲೆ.

ರಿಪಬ್ಲಿಕನ್ನರು ಕೇಳಿದ ತಕ್ಷಣ ಲೆಕ್ಕ ಒಪ್ಪಿಸುತ್ತಾರೆ. ಮೇಲ್ಮನೆ ಸೆನೆಟ್‌ನ ಕೊನೆಯ ಮತದಾನದಲ್ಲಿ ವಿರೋಧಿಸಿದ್ದು ನಮ್ಮವರಲ್ಲಿ ಒಬ್ಬರೇ, ಡೆಮಾಕ್ರಾಟರಲ್ಲಿ 17 ಜನ! ನಿಜ. ಆ ಒಬ್ಬರು ಸ್ಟ್ರಾಮ್ ಥರ್ಮಂಡ್. ಹಿಂದಿನ ವರ್ಷವಷ್ಟೇ ಡೆಮಾಕ್ರಾಟರನ್ನು ಬಿಟ್ಟು ಬಂದಿದ್ದ ಹೊಸ ನೆಂಟ. ಡೆಮಾಕ್ರಾಟರು ಸುಮ್ಮನಿರುತ್ತಾರಾ? ಸಹಿ ಹಾಕಿದ್ದು ನಮ್ಮ ಅಧ್ಯಕ್ಷ ಲಿಂಡನ್ ಜಾನ್ಸನ್ ಅಂತಾರೆ. ಅದೂ ನಿಜ. ಆ 17 ಜನ ಯಾರ ಮನೆಯವರು ಅಂದರೆ ಮಾತ್ರ ಕೆಮ್ಮು ಬರುತ್ತದೆ. ತಾತ ತುಪ್ಪ ತಿಂದ, ನನ್ನ ಕೈ ಮೂಸಿ ನೋಡು ಅನ್ನೋದು ಇದಕ್ಕೇ ಅಲ್ವಾ?

ಕಾಯ್ದೆಯ ಜೀವ ಇದ್ದದ್ದು ಒಂದು ಷರತ್ತಿನಲ್ಲಿ. ಕರಿಯರನ್ನು ಮತಗಟ್ಟೆಯಿಂದ ದೂರವಿಟ್ಟ ಚರಿತ್ರೆಯುಳ್ಳ ರಾಜ್ಯಗಳು ಚುನಾವಣೆಯ ನಿಯಮ ಬದಲಿಸುವ ಮುಂಚೆ ವಾಷಿಂಗ್ಟನ್ನಿನ, ಅಂದರೆ ಕೇಂದ್ರದ, ಒಪ್ಪಿಗೆ ಪಡೆಯಬೇಕಿತ್ತು. 2006ರಲ್ಲಿ ಅದನ್ನು ಮುಂದುವರಿಸಲು ಸೆನೆಟ್ 98-0 ಮತ ಹಾಕಿತು. ಒಂದೇ ಒಂದು ಅಪಸ್ವರವಿಲ್ಲ.

ಅದೇ ತಪ್ಪಾಯಿತು ನೋಡಿ. 2013ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಕಾಲಿಯಾ ಅವರಿಗೆ ಈ ಒಗ್ಗಟ್ಟಿನ ಮೇಲೇ ಅನುಮಾನ ಬಂತು. ಕಾಯ್ದೆಯ ಹೆಸರೇ ಇಷ್ಟು ಚೆನ್ನಾಗಿದೆ, ಮುಂದೆ ಇದರ ವಿರುದ್ಧ ಯಾರು ಮತ ಹಾಕುತ್ತಾರೆ ಅಂತ ವಿಚಾರಣೆಯಲ್ಲೇ ಕೇಳಿದರು. ಎಲ್ಲರೂ ಒಪ್ಪಿದ್ದಾರೆ, ಅಂದರೆ ಏನೋ ಎಡವಟ್ಟಿದೆ! ಆ ಷರತ್ತು ಯಾವ ರಾಜ್ಯಗಳಿಗೆ ಅನ್ನುವ ಪಟ್ಟಿಯ ಸೂತ್ರ ಹಳೆಯದಾಯಿತು ಅಂತ ಕೋರ್ಟು 5-4ರಲ್ಲಿ ಅದನ್ನು ರದ್ದು ಮಾಡಿತು. ಷರತ್ತು ಪುಸ್ತಕದಲ್ಲಿ ಹಾಗೇ ಉಳಿಯಿತು. ಅನ್ವಯಿಸೋಕೆ ಮಾತ್ರ ಯಾವ ರಾಜ್ಯವೂ ಉಳಿಯಲಿಲ್ಲ.

ಸ್ಕಾಲಿಯಾ ಅವರ ಪ್ರಶ್ನೆಗೆ ಉತ್ತರ ಎಂಟು ವರ್ಷ ತಡವಾಗಿ ಸಿಕ್ಕಿತು: 212 ಜನ. 2021ರ ಆಗಸ್ಟಿನಲ್ಲಿ, ಷರತ್ತಿಗೆ ಮತ್ತೆ ಜೀವ ಕೊಡುವ ಮಸೂದೆಗೆ ಕೆಳಮನೆಯಲ್ಲಿ ಅಷ್ಟು ಮಂದಿ ಬೇಡ ಅಂದರು. ಪರವಾಗಿ ಒಬ್ಬ ರಿಪಬ್ಲಿಕನ್ನನೂ ಇಲ್ಲ. ಮಸೂದೆಗೆ ಇಟ್ಟಿದ್ದು ಜಾನ್ ಲೂಯಿಸ್ ಹೆಸರು. 1965ರಲ್ಲಿ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟು, ಅಲಬಾಮಾದ ಸೆಲ್ಮಾದ ಸೇತುವೆ ಬಳಿ ಪೊಲೀಸರ ಏಟಿಗೆ ತಲೆಬುರುಡೆ ಬಿರುಕು ಬಿಟ್ಟ ಮನುಷ್ಯ. 2020ರಲ್ಲಿ ಅವರ ಪಾರ್ಥಿವ ಶರೀರ ಸಂಸತ್ ಭವನ ಕ್ಯಾಪಿಟಲ್‌ಗೆ ಬಂದಾಗ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ನಿಂತು ಹೊಗಳಿದ್ದರು. 2006ರ ಆ 98ರಲ್ಲಿ ಅವರೂ ಒಬ್ಬರು. ಲೂಯಿಸ್ ಹೆಸರಿನ ಮಸೂದೆ ಬಂದಾಗ ಮಾತ್ರ ಇದೆಲ್ಲ ಬೇಕಿಲ್ಲ ಅಂದರು.

ಡೆಮಾಕ್ರಾಟರ ಕಥೆ ಬೇರೆ ಇದೆ. 2022ರ ಜನವರಿಯಲ್ಲಿ ಅವರ ಸೆನೆಟರುಗಳಾದ ಜೋ ಮ್ಯಾಂಚಿನ್, ಕಿರ್ಸ್ಟನ್ ಸಿನೆಮಾ ಇಬ್ಬರೂ ಮಸೂದೆ ಬೇಕೇ ಬೇಕು ಅಂದರು. ಆದರೆ ನೂರು ಜನರ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕೋಕೆ 60 ಮತ ಬೇಕು. ಮಸೂದೆ ಪಾಸಾಗೋಕೆ ಆ ನಿಯಮ ಸಡಿಲಿಸೋಣ ಅಂದಾಗ, ಅದು ಮಾತ್ರ ಬೇಡ ಅಂದರು. ಊಟಕ್ಕೆ ಕರೆಯಿರಿ, ಬಾಗಿಲು ಮಾತ್ರ ತೆಗೆಯಬೇಡಿ!

ಅದಕ್ಕೂ ಮೊದಲು, 2021ರ ನವೆಂಬರಿನಲ್ಲಿ, ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳೋಣ ಅಂದ ರಿಪಬ್ಲಿಕನ್ ಸೆನೆಟರ್ ಒಬ್ಬರೇ: ಅಲಾಸ್ಕದ ಲೀಸಾ ಮರ್ಕೌಸ್ಕಿ. ಇನ್ನು ಅರವತ್ತು ವರ್ಷ ಬಿಟ್ಟು ಆ ಪಕ್ಷದವರು ‘ನಾವೂ ಬೆಂಬಲಿಸಿದ್ದೆವು’ ಅನ್ನೋಕೆ ಅಷ್ಟು ಸಾಕು.