ಥಿಯರಿ ಪೇಪರಿಗೆ ಹೆದರುವ ಮುಂಬೈ ಕನ್ನಡದ ಮಕ್ಕಳಿಗೆ

ಎಂ.ಎ. ಸಮಾಜಶಾಸ್ತ್ರಕ್ಕೆ ಸೇರುವ ನಮ್ಮ ಮಕ್ಕಳು ಥಿಯರಿ ಪೇಪರಿಗೆ ಹೆದರಿ ಗೈಡು, ಜೆರಾಕ್ಸ್ ನೋಟ್ಸು ಹಿಡಿಯುತ್ತಾರೆ. ಕೆಡುವುದು ಅಲ್ಲೇ. ನೋಟ್ಸಿನಲ್ಲಿ ಉತ್ತರ ಇರುತ್ತದೆ, ಅದು ಯಾವ ಪ್ರಶ್ನೆಗೆ ಹುಟ್ಟಿದ್ದು ಅನ್ನುವುದು ಇರುವುದಿಲ್ಲ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನೇ ತಗೊಳ್ಳಿ. ಮೈಸೂರಿನವರು, ಇಲ್ಲೇ ಬಾಂಬೆ ವಿಶ್ವವಿದ್ಯಾಲಯದಲ್ಲಿ ಘುರ್ಯೆಯವರ ಶಿಷ್ಯರಾಗಿ ಓದಿದವರು. ಕೆಳಗಿನ ಜಾತಿಗಳು ಮೇಲಿನವರ ಆಚಾರ ಹಿಡಿಯುವುದಕ್ಕೆ ಅವರು ಮೊದಲು ಬಳಸಿದ ಮಾತು ‘ಬ್ರಾಹ್ಮಣೀಕರಣ’. ಆದರೆ ಎಲ್ಲ ಕಡೆ ಬ್ರಾಹ್ಮಣರೇ ಮಾದರಿಯಲ್ಲವಲ್ಲ! ಹಾಗಾಗಿ ‘ಸಂಸ್ಕೃತೀಕರಣ’ ಬಂತು. ನೋಟ್ಸಿನಲ್ಲಿ ಸಿಗುವುದು ಎರಡನೆಯ ಪದ ಮಾತ್ರ. ಮೊದಲನೆಯದು ಯಾಕೆ ಸಾಲಲಿಲ್ಲ ಅನ್ನುವುದೇ ನಿಜವಾದ ಪಾಠ.

ಮೂವತ್ತು ಪುಟದ ಲೇಖನವನ್ನು ಮೂರು ಸಲ ಓದಿ. ಮೊದಲ ಸಲ ಪೆನ್ನು ಮುಟ್ಟಬೇಡಿ. ಎರಡನೆಯ ಸಲ ಇಷ್ಟನ್ನೇ ಹುಡುಕಿ: ಲೇಖಕ ಯಾರ ಜೊತೆ ಜಗಳಕ್ಕಿಳಿದಿದ್ದಾನೆ, ಏನು ಹೇಳುತ್ತಾನೆ, ಯಾವ ಆಧಾರದ ಮೇಲೆ. ಮೂರನೆಯ ಸಲ ಓದಿದ ಮೇಲೆ ಪುಸ್ತಕ ಮುಚ್ಚಿ ಹತ್ತು ಸಾಲು ಕನ್ನಡದಲ್ಲಿ ಬರೆಯಿರಿ. ಪೇಪರು ಇಂಗ್ಲಿಷಿನದ್ದಾದರೂ ಸರಿ. ಅರ್ಥವಾಗದ್ದು ಕನ್ನಡದಲ್ಲಿ ಅಡಗಿಕೊಳ್ಳಲಾರದು. ಇಟಲಿಯ ಚಿಂತಕ ಗ್ರಾಮ್ಷಿಯ ‘ಹೆಜಿಮನಿ’ ಅನ್ನುವ ಪದಕ್ಕೆ ‘ಯಜಮಾನಿಕೆ’ ಅಂತ ಬರೆದ ಕೂಡಲೇ ದಬ್ಬಾಳಿಕೆಯಷ್ಟೇ ಕಣ್ಣಿಗೆ ಬರುತ್ತದೆ. ಅವನು ಒತ್ತಿ ಹೇಳಿದ್ದು ಆಳಿಸಿಕೊಳ್ಳುವವರ ಒಪ್ಪಿಗೆಯನ್ನು. ಆ ಒಪ್ಪಿಗೆಗೆ ಕನ್ನಡ ಹುಡುಕುವಾಗಲೇ ವಿಚಾರ ತಲೆಗೆ ಇಳಿಯುತ್ತದೆ.

ಇಸವಿಯಲ್ಲೂ ಎಡವುತ್ತಾರೆ. ಗ್ರಾಮ್ಷಿ ಜೈಲಿನಲ್ಲಿ ಬರೆದದ್ದು 1929ರಿಂದ 1935ರವರೆಗೆ, ಇಂಗ್ಲಿಷಿನ ಆಯ್ದ ಭಾಗ ಬಂದದ್ದು 1971ರಲ್ಲಿ. ‘ಗ್ರಾಮ್ಷಿ 1971’ ಅಂತ ಬರೆದು ಬರೆದು, ಮುಸೊಲಿನಿಯ ಜೈಲು ಮರೆತೇ ಹೋಗುತ್ತದೆ.

ಇನ್ನು ಅಸೈನ್‌ಮೆಂಟು. ಮೊದಲ ಪ್ಯಾರಾದಲ್ಲಿ ಫ್ರೆಂಚ್ ಸಮಾಜಶಾಸ್ತ್ರಜ್ಞ ಬೋರ್ದ್ಯೂ, ಆಮೇಲೆ ಅವನ ಸುದ್ದಿಯೇ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಹತ್ತು ಪುಟದಲ್ಲಿ ಏಳು ಪುಟ ನೀವು ಕಂಡದ್ದು ಇರಲಿ. ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ, ಮಾಲೀಕರನ್ನು ಕೇಳಿಕೊಂಡು, ಜನ ಕಡಿಮೆ ಇರುವ ಮಧ್ಯಾಹ್ನ ಮೂರಕ್ಕೆ ಒಂದು ಗಂಟೆ ಕೂತುಕೊಳ್ಳಿ. ಗಲ್ಲಾದಲ್ಲಿ ಯಾರು, ಟೇಬಲ್ ಒರೆಸುವವರು ಯಾರು? ಸಪ್ಲಾಯರ್ ಗಿರಾಕಿಯ ಹತ್ತಿರ ಯಾವ ಭಾಷೆ ಆಡುತ್ತಾನೆ, ಒಳಗೆ ಆರ್ಡರ್ ಕೂಗುವಾಗ ಯಾವುದು? ದೋಸೆಯನ್ನು ಕೈಯಲ್ಲಿ ತಿನ್ನುವವರು, ಚಮಚ ಕೇಳುವವರು ಯಾರು? ಈ ಕೊನೆಯ ಪ್ರಶ್ನೆಗೆ ಬೋರ್ದ್ಯೂ ಒದಗುತ್ತಾನೆ, ರುಚಿಯಲ್ಲಿ ವರ್ಗ ಹೇಗೆ ಕೂತಿರುತ್ತದೆ ಅನ್ನುವುದೇ ಅವನ ವಿಷಯ. ಆದರೆ ಅಡಿಗೆ ಭಟ್ಟರನ್ನು ಊರಿನಿಂದ ಕರೆಸಿದ್ದು ಯಾರು ಅಂತ ಕೇಳಿದಾಗ ಅವನೊಬ್ಬನೇ ಸಾಲುವುದಿಲ್ಲ. ನೆಂಟರ ಮೂಲಕ ಕೆಲಸ ಸಿಕ್ಕಿದ್ದಾದರೆ, ನೆಂಟಸ್ತಿಕೆ ಯಾರ ಯಾರ ನಡುವೆ ಬೆಳೆಯುತ್ತದೆ ಅಂತಲೂ ಕೇಳಬೇಕು. ಆಗ ತೆರೆಯಬೇಕಾದದ್ದು ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾದಲ್ಲಿ ಮಂಡಿಸಿದ ಪ್ರಬಂಧ. ಜಾತಿಯ ಬೇರು ಒಳಮದುವೆಯಲ್ಲಿದೆ, ಅಂದರೆ ಜಾತಿಯೊಳಗೇ ಮದುವೆಯಾಗುವುದರಲ್ಲಿದೆ ಅಂತ ಅವರು ತೋರಿಸಿದ್ದು ಅದರಲ್ಲೇ.