ಅತ್ಯಂತ ಗೌಪ್ಯ, ಎಲ್ಲರಿಗೂ ಕಳುಹಿಸಿ

ಜಿಲ್ಲಾ ಘಟಕದ ಗೌಪ್ಯ ಪತ್ರ ಸೋರಿಕೆಯಾಗಿದೆ. ಸೋರಿಕೆ ಅನ್ನೋದು ಪೇಪರಿನವರ ಮಾತು. ದಾವಣಗೆರೆಯ ಜಯದೇವ ಸರ್ಕಲ್ ಹತ್ತಿರ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದವರ ಮೊಬೈಲಿಗೆ ಅದು ತಾನಾಗಿಯೇ ಬಂದು ಬಿತ್ತು. ಪಕ್ಷದ ಹೆಸರು ಬೇಡ ಬಿಡಿ. ನಿಮಗೆ ಹೊಳೆದದ್ದನ್ನೇ ಇಟ್ಟುಕೊಳ್ಳಿ, ಹೊಂದುತ್ತದೆ.

ಲೆಟರ್‌ಹೆಡ್ಡಿನ ಮೇಲೆ ಕೆಂಪು ಸೀಲು: 'ಅತ್ಯಂತ ಗೌಪ್ಯ'. ಮೊದಲ ಸಾಲು, 'ನಾನು ಪಕ್ಷದ ಶಿಸ್ತಿನ ಸಿಪಾಯಿ'. ಎರಡನೇ ಸಾಲಿಂದ ಜಿಲ್ಲಾಧ್ಯಕ್ಷರ ಜಾತಕ. ಮೂಲದವರನ್ನು ಮೂಲೆಗೆ ತಳ್ಳಿ, ಮೊನ್ನೆ ಬಂದ ವಲಸಿಗರಿಗೆ ನಿಗಮ ಮಂಡಳಿ ಕೊಡಿಸುತ್ತಾರಂತೆ. ಫ್ಲೆಕ್ಸಿನಲ್ಲಿ ಪತ್ರ ಬರೆದವರ ಫೋಟೊವನ್ನು ಸ್ಟಾಂಪ್ ಸೈಜಿಗೆ ಇಳಿಸಿದ್ದಾರಂತೆ. ಫ್ಲೆಕ್ಸಿಗೇ ಒಂದೂವರೆ ಪುಟ ಹೋಗಿದೆ. ಭತ್ತದ ರೇಟು, ಭದ್ರಾ ನಾಲೆಯ ಕೊನೆ ಭಾಗದ ರೈತರ ನೀರು? ಪಾಪ, ನಾಲ್ಕು ಪುಟದಲ್ಲಿ ಜಾಗ ಸಾಲಲಿಲ್ಲ. ಕಡೆಗೆ 'ಹೈಕಮಾಂಡ್ ತೀರ್ಮಾನಕ್ಕೆ ಬದ್ಧ'. ಅದರ ಕೆಳಗೇ, 'ಇಲ್ಲವಾದರೆ ಮುಂದಿನ ನಡೆ ಬೆಂಬಲಿಗರ ಜೊತೆ ಚರ್ಚಿಸಿ'.

ಸಂಜೆಗೆ ಎದುರು ಬಣದ ಪತ್ರವೂ ಬಂತು. ಎರಡರಲ್ಲೂ 'ಭಿನ್ನಮತ' ಹೋಗಿ 'ಬಿನ್ನಮತ' ಆಗಿದೆ. ಡಿಟಿಪಿ ಅಂಗಡಿ ಒಂದೇ, ಹೋದ ಹೊತ್ತು ಬೇರೆ. ಇನ್ನೂ ಮಜಾ ಅಂದರೆ ಹೋಬಳಿ ಮುಖಂಡರೊಬ್ಬರು ಎರಡಕ್ಕೂ ಸಹಿ ಹಾಕಿದ್ದಾರೆ. ಕೇಳಿದ್ದಕ್ಕೆ, 'ಏನ್ಮಾಡೋದಣ್ಣ, ಅವರೂ ಬೇಕು, ಇವರೂ ಬೇಕಲ್ವಾ?' ಅಂದರು. ಜಿಲ್ಲೆಯಲ್ಲಿ ಪಕ್ಷದ ಒಗ್ಗಟ್ಟು ಉಳಿದಿರೋದು ಆ ಸಹಿಯಲ್ಲಿ, ಆ ಅಂಗಡಿಯಲ್ಲಿ.

ಈ ಸೀಮೆಗೆ ಪತ್ರದ ಜಗಳ ಹೊಸದಲ್ಲ. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದ್ದ ಎಸ್. ನಿಜಲಿಂಗಪ್ಪ. ಅವರೂ ಪ್ರಧಾನಿ ಇಂದಿರಾ ಗಾಂಧಿಯೂ ಬರೆದುಕೊಂಡ ಪತ್ರಗಳನ್ನು ದೇಶವೇ ಓದಿತು. ನವೆಂಬರ್ 12ರಂದು ಇಂದಿರಾ ಉಚ್ಚಾಟನೆ ಆಯಿತು, ಪಕ್ಷ ಎರಡು ಹೋಳಾಯಿತು. ಆಗಿನ ಜಗಳ ಬ್ಯಾಂಕ್ ರಾಷ್ಟ್ರೀಕರಣ, ರಾಷ್ಟ್ರಪತಿ ಚುನಾವಣೆಯ ಸುತ್ತ. ಫ್ಲೆಕ್ಸ್ ಇಲ್ಲದ ಕಾಲ ನೋಡಿ, ಪಾಪ, ಬೇರೆ ವಿಷಯ ಸಿಗಲಿಲ್ಲ. 1997ರಲ್ಲಿ ಚಿತ್ರದುರ್ಗದಿಂದ ಒಡೆದು ದಾವಣಗೆರೆ ಬೇರೆ ಜಿಲ್ಲೆಯಾದ ಮೇಲೆ ಜಿಲ್ಲಾಧ್ಯಕ್ಷರ ಕುರ್ಚಿಯೂ ಎರಡಾಯಿತು. ಕೂರುವವರ ಸಂಖ್ಯೆ ಮಾತ್ರ ಅದಕ್ಕಿಂತ ಜೋರಾಗಿ ಬೆಳೆಯಿತು.

ಮೊನ್ನೆ ಬೆಂಗಳೂರಿನಿಂದ ವೀಕ್ಷಕರು ಬಂದಿದ್ದರು. ಎರಡೂ ಬಣದವರನ್ನು ಕೂರಿಸಿಕೊಂಡು ಬೆಣ್ಣೆದೋಸೆ ತಿಂದರು. ಕೈ ಒರೆಸಿಕೊಳ್ಳುತ್ತಾ ಹೊರಬಂದು, 'ನಮ್ಮಲ್ಲಿ ಬಣಗಳೇ ಇಲ್ಲ' ಅಂದರು. ಹಾಗಾದರೆ ಪತ್ರ? 'ಅದು ಎರಡೂ ಬಣಗಳ ಆಂತರಿಕ ವಿಚಾರ.'

ಸೋರಿಕೆ ಮಾಡಿದವರು ಯಾರು ಅಂತ ತನಿಖೆ ಆಗಬೇಕೆಂದು ಈಗ ಮೂರನೇ ಗೌಪ್ಯ ಪತ್ರ ತಯಾರಾಗಿದೆ. ಅದೂ ಬೆಳಗ್ಗೆಯೇ ಮೊಬೈಲಿಗೆ ಬಂತು. ಸೀಲು ಇದೆ, 'ಬಿನ್ನಮತ'ವೂ ಇದೆ. ಸಹಿಯ ಜಾಗ ಮಾತ್ರ ಖಾಲಿ. ಸಹಿ ಹಾಕಬೇಕಾದವರು ಬೆಂಗಳೂರಿನಿಂದ ಹೊರಟು ಇನ್ನೂ ಹಿರಿಯೂರು ದಾಟಿಲ್ಲವಂತೆ.